ಕನೆಕ್ಷನ್ ಹೋಯಿತು, ಹೆಸರು ಉಳಿಯಿತು: ಹಳಸಿದ ರಿಜಿಸ್ಟ್ರೇಷನ್ ತೆಗೆಯುವ ಬಗೆ

ಫೋನ್ ಸ್ವಿಚ್ ಆಫ್ ಆಗಿ ಇಪ್ಪತ್ತು ನಿಮಿಷ ಆಗಿದೆ. ಸರ್ವರ್ ಪಟ್ಟಿ ನೋಡಿದರೆ ಅದಿನ್ನೂ ಆನ್‌ಲೈನ್. ಆ ನಂಬರಿಗೆ ಕರೆ ಮಾಡಿದವರಿಗೆ ಅರ್ಧ ನಿಮಿಷ ಬರೀ ಮೌನ, ಆಮೇಲೆ ಕಟ್. ಇನ್ನು ಕೆಲವು ಕಡೆ ಒಂದೇ ಎಕ್ಸ್‌ಟೆನ್ಶನ್‌ಗೆ (ಒಳಗಿನ ಫೋನ್ ನಂಬರಿಗೆ) ಪಟ್ಟಿಯಲ್ಲಿ ನಾಲ್ಕು ಸಾಲು, ಅದರಲ್ಲಿ ಮೂರು ಸತ್ತವು. ‘ಕನೆಕ್ಷನ್ ಮುಚ್ಚಿದ ಕೂಡಲೇ ಆ ಸಾಲು ತಾನಾಗಿ ಹೋಗಬೇಕಲ್ವಾ, ಯಾಕೆ ಹೋಗುತ್ತಿಲ್ಲ?’ ಎಂದು ಕೇಳುವವರು ಜಾಸ್ತಿ ಆಗಿದ್ದಾರೆ. ಒಬ್ಬೊಬ್ಬರಿಗೆ ಬೇರೆ ಬೇರೆ ಉತ್ತರ ಕೊಡುವ ಬದಲು ಎಲ್ಲವನ್ನೂ ಇಲ್ಲಿ ಬರೆಯುತ್ತಿದ್ದೇನೆ.

ಉದಾಹರಣೆಗೆ ಸಿಪ್ ಸರ್ವರನ್ನೇ ತೆಗೆದುಕೊಂಡಿದ್ದೇನೆ. ಇಂಟರ್ನೆಟ್ ಫೋನ್ ಕರೆಗಳನ್ನು ಹೊಂದಿಸುವ ಪದ್ಧತಿಗೆ ಸಿಪ್ ಅನ್ನುತ್ತಾರೆ. ಅದರ ಮುಖ್ಯ ನಿಯಮಗಳು 2002ರ ಆರ್‌ಎಫ್‌ಸಿ 3261 ಎಂಬ ಇಂಟರ್ನೆಟ್ ನಿಯಮಗಳ ದಾಖಲೆಯಲ್ಲಿವೆ. ನಿಮ್ಮದು ಚಾಟ್ ಸರ್ವರ್ ಆಗಿರಲಿ, ಆಟದ ಸರ್ವರ್ ಆಗಿರಲಿ, ಲೆಕ್ಕಾಚಾರ ಇದೇ.

ಮೊದಲು ಕೆಲವು ಪದ

ರಿಜಿಸ್ಟ್ರೇಷನ್ ಎಂದರೆ ಫೋನು ಸರ್ವರಿಗೆ ಹೇಳುವ ಮಾತು: ‘ನಾನು 204. ಸದ್ಯ ಈ ವಿಳಾಸದಲ್ಲಿ ಸಿಗುತ್ತೇನೆ. ಇದು ಇಷ್ಟು ಸೆಕೆಂಡ್ ಮಾತ್ರ ನಿಜ.’ ಆ ವಿಳಾಸಕ್ಕೆ ಕಾಂಟ್ಯಾಕ್ಟ್ ಅನ್ನುತ್ತಾರೆ. ‘ಇಷ್ಟು ಸೆಕೆಂಡ್’ ಎಂಬುದು ಎಕ್ಸ್‌ಪೈರ್ಸ್. ಇದನ್ನು ಕೇಳಿ ಪಟ್ಟಿಯಲ್ಲಿ ಬರೆದಿಡುವ ಸರ್ವರ್ ಭಾಗ ರಿಜಿಸ್ಟ್ರಾರ್. ಬರೆದ ಸಾಲಿಗೆ ಬೈಂಡಿಂಗ್ ಎಂಬ ಹೆಸರಿದೆ, ನಾನು ಸುಮ್ನೆ ಸಾಲು ಅನ್ನುತ್ತೇನೆ. ಸಾಲು ಇದ್ದು, ಅದರಲ್ಲಿ ಹೇಳಿದ ದಾರಿ ಇಲ್ಲದಿದ್ದರೆ ಅದು ಹಳಸಿದ ಸಾಲು. ಇಂಗ್ಲಿಷ್ ದಾಖಲೆಗಳಲ್ಲಿ ಸ್ಟೇಲ್ ಎಂದು ಕಾಣುವುದು ಇದೇ.

ಸಂದೇಶ ಸಾಗಿಸುವ ಟಿಸಿಪಿ, ಅದರ ಮೇಲೆ ಗುಪ್ತವಾಗಿ ಸಾಗಿಸುವ ಟಿಎಲ್‌ಎಸ್, ಬ್ರೌಸರ್ ಬಳಸುವ ವೆಬ್‌ಸಾಕೆಟ್, ಈ ಮೂರು ಪದ್ಧತಿಗಳಲ್ಲೂ ಫೋನು ಒಂದು ಕನೆಕ್ಷನ್ ತೆರೆದು ಅದರಲ್ಲೇ ರಿಜಿಸ್ಟರ್ ಆಗುತ್ತದೆ. ಫೋನು ಮನೆ ಅಥವಾ ಆಫೀಸಿನ ರೂಟರ್ ಹಿಂದೆ ಇದ್ದರೆ ಸರ್ವರ್ ತಾನಾಗಿ ಅದಕ್ಕೆ ಹೊಸ ಕನೆಕ್ಷನ್ ತೆರೆಯಲು ಆಗುವುದಿಲ್ಲ. ಫೋನು ತೆರೆದ ಆ ಒಂದೇ ದಾರಿ. ಬ್ರೌಸರಿನಿಂದ ಬರುವ ಫೋನುಗಳಲ್ಲಿ ಇದು ಇನ್ನೂ ಸ್ಪಷ್ಟ. ವೆಬ್‌ಸಾಕೆಟ್ ಮೇಲೆ ಸಿಪ್ ಹೇಗೆ ಓಡಬೇಕೆಂದು ಹೇಳುವ ಆರ್‌ಎಫ್‌ಸಿ 7118ರ ಪ್ರಕಾರ, ಬ್ರೌಸರ್ ತನ್ನ ಕಾಂಟ್ಯಾಕ್ಟ್‌ನಲ್ಲಿ ‘ಡಾಟ್ ಇನ್‌ವ್ಯಾಲಿಡ್’ ಎಂದು ಮುಗಿಯುವ ಸುಳ್ಳು ಹೆಸರು ಹಾಕಬಹುದು, ಯಾಕೆಂದರೆ ಅದಕ್ಕೆ ತನ್ನ ವಿಳಾಸವೇ ಗೊತ್ತಿರುವುದಿಲ್ಲ. ಕನೆಕ್ಷನ್ ಹೋದ ಮೇಲೆ ಆ ಸಾಲಿನಿಂದ ಯಾವ ಉಪಯೋಗವೂ ಇಲ್ಲ.

ಏನೇನು ಬೇಕು

ಸರ್ವರಿನ ಕಾನ್ಫಿಗ್ ಫೈಲ್ ಬದಲಿಸುವ ಅಧಿಕಾರ ಬೇಕು. ರಿಜಿಸ್ಟ್ರೇಷನ್ ಪಟ್ಟಿ ಯಾವ ಟೇಬಲ್‌ನಲ್ಲಿದೆ ಎಂದು ಗೊತ್ತಿರಬೇಕು. ಎರಡು ಟೆಸ್ಟ್ ಫೋನು ಬೇಕು, ಒಂದರಲ್ಲಾದರೂ ವೈಫೈ ಮತ್ತು ಮೊಬೈಲ್ ಡೇಟಾ ಎರಡೂ ಇರಲಿ. ಲೈವ್ ಸರ್ವರಿನಲ್ಲಿ ನೇರವಾಗಿ ಪ್ರಯೋಗ ಮಾಡಬೇಡಿ. ಅಳಿಸುವ ಕೆಲಸದಲ್ಲಿ ಒಂದು ತಪ್ಪು ಆದರೆ ಎಲ್ಲರ ಫೋನೂ ಒಟ್ಟಿಗೆ ಕಾಣೆಯಾಗುತ್ತದೆ.

ಹಂತ 1: ಎಷ್ಟು ಹಳಸಿದೆ ಎಂದು ಎಣಿಸಿ

ಪಟ್ಟಿಯಲ್ಲಿರುವ ಟಿಸಿಪಿ ಸಾಲುಗಳನ್ನು ಎಣಿಸಿ. ಆಮೇಲೆ ಲಿನಕ್ಸ್‌ನ ‘ಎಸ್‌ಎಸ್’ ಕಮಾಂಡಿನಿಂದ ಆ ಪೋರ್ಟಿನಲ್ಲಿ ನಿಜವಾಗಿ ತೆರೆದಿರುವ ಕನೆಕ್ಷನ್ ಎಣಿಸಿ. ಸಿಪ್‌ಗೆ ಮಾಮೂಲಿ ಪೋರ್ಟ್ 5060, ಟಿಎಲ್‌ಎಸ್‌ಗೆ 5061. ಎರಡು ಲೆಕ್ಕ ಹತ್ತಿರ ಇದ್ದರೆ ನಿಮ್ಮ ತೊಂದರೆ ಬೇರೆ ಕಡೆ ಇರಬಹುದು. ಸಾಲುಗಳೇ ಜಾಸ್ತಿ ಇದ್ದರೆ ಮುಂದೆ ಓದಿ.

ಒಂದು ಎಚ್ಚರಿಕೆ: ಒಂದು ಕನೆಕ್ಷನ್‌ಗೆ ಒಂದೇ ಸಾಲು ಎಂದುಕೊಳ್ಳಬೇಡಿ. ಒಂದು ಸಣ್ಣ ಪಿಬಿಎಕ್ಸ್ (ಆಫೀಸಿನ ಒಳ ಫೋನುಗಳನ್ನು ಜೋಡಿಸುವ ಯಂತ್ರ) ಅಥವಾ ಗೇಟ್‌ವೇ ಐವತ್ತು ಎಕ್ಸ್‌ಟೆನ್ಶನ್‌ಗಳನ್ನು ಒಂದೇ ಕನೆಕ್ಷನ್‌ನಲ್ಲಿ ರಿಜಿಸ್ಟರ್ ಮಾಡಬಹುದು. ಯುಡಿಪಿ ಎಂಬ ಇನ್ನೊಂದು ಸಾಗಣೆ ಪದ್ಧತಿಯ ಸಾಲುಗಳನ್ನೂ ಈ ಲೆಕ್ಕದಿಂದ ಹೊರಗಿಡಿ. ಯುಡಿಪಿಯಲ್ಲಿ ಕನೆಕ್ಷನ್ ಎಂಬುದೇ ಇಲ್ಲ, ಹಾಗಾಗಿ ಮುಚ್ಚುವುದೂ ಇಲ್ಲ.

ಹಂತ 2: ಪ್ರತಿ ಸಾಲಿಗೂ ಕನೆಕ್ಷನ್ ಗುರುತು ಬರೆದಿಡಿ

ಸಾಲು ಬರೆಯುವಾಗ ಅದು ಯಾವ ಕನೆಕ್ಷನ್‌ನಿಂದ ಬಂತು ಎಂಬುದನ್ನೂ ಬರೆಯಿರಿ. ಕಮೈಲಿಯೋ ಎಂಬ ಸಿಪ್ ಸರ್ವರ್ ಇದನ್ನು ತಾನಾಗಿ ಮಾಡುತ್ತದೆ. ಸ್ವಂತ ಸರ್ವರ್ ಬರೆದವರು ಇದಕ್ಕೊಂದು ಕಾಲಂ ಸೇರಿಸಿ.

ಗುರುತಾಗಿ ಏನು ಇಡುತ್ತೀರಿ ಎನ್ನುವಲ್ಲೇ ಮೊದಲ ಗುಂಡಿ ಇದೆ. ತೆರೆದ ಕನೆಕ್ಷನ್‌ಗೆ ಆಪರೇಟಿಂಗ್ ಸಿಸ್ಟಮ್ ಕೊಡುವ ಸಾಕೆಟ್ ಸಂಖ್ಯೆ, ಅಂದರೆ ಫೈಲ್ ಡಿಸ್ಕ್ರಿಪ್ಟರ್ ಇಡಬೇಡಿ. ಸಾಕೆಟ್ 57 ಮುಚ್ಚಿದ ಮರುಕ್ಷಣವೇ ಬೇರೆ ಯಾರಿಗೋ ಅದೇ 57 ಸಿಗುತ್ತದೆ. ತೆರೆಯದೇ ಇರುವ ಅತಿ ಸಣ್ಣ ಸಂಖ್ಯೆಯನ್ನೇ ಕೊಡುವುದು ಲಿನಕ್ಸ್‌ನ ಕ್ರಮ, ಹಾಗಾಗಿ ಇದು ಅಪರೂಪವೇನಲ್ಲ. ಐಪಿ ಮತ್ತು ಪೋರ್ಟ್ ಜೋಡಿಯೂ ಪೂರ್ತಿ ನಂಬಿಕೆಗೆ ಸಾಲದು, ರೂಟರ್ ಅದನ್ನೂ ಮತ್ತೊಬ್ಬರಿಗೆ ಕೊಡಬಹುದು. ಕನೆಕ್ಷನ್ ಬಂದಾಗಲೆಲ್ಲ ಒಂದೊಂದು ಏರುತ್ತಾ ಹೋಗುವ ಸಂಖ್ಯೆ ಸಾಕು. ಒಂದಕ್ಕಿಂತ ಜಾಸ್ತಿ ಸರ್ವರ್ ಇದ್ದರೆ ಸರ್ವರ್ ಹೆಸರು ಮತ್ತು ಅದು ಶುರುವಾದ ಹೊತ್ತನ್ನು ಮುಂದೆ ಸೇರಿಸಿ. ರೀಸ್ಟಾರ್ಟ್ ಆದ ಮೇಲೆ ಸಂಖ್ಯೆ ಮತ್ತೆ 1ರಿಂದ ಶುರುವಾದರೂ ಗೊಂದಲ ಆಗುವುದಿಲ್ಲ.

ಹಂತ 3: ಮುಚ್ಚಿದಾಗ ಅಳಿಸಿ, ಆ ಕನೆಕ್ಷನ್ ಬರೆದದ್ದನ್ನು ಮಾತ್ರ

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಹೆಚ್ಚಿನವರು ಎಡವುವುದು ಇಲ್ಲೇ, ನಾನೂ ಎಡವಿದ್ದೇನೆ. ‘ಕನೆಕ್ಷನ್ ಮುಚ್ಚಿತು, ಅದು 204ರದ್ದು, 204ರ ಸಾಲು ಅಳಿಸು’ ಎಂದು ಬರೆದಿದ್ದೆ. ಟೆಸ್ಟ್‌ನಲ್ಲಿ ಎಲ್ಲ ಸರಿ ಇತ್ತು. ಮಾರನೇ ದಿನ ಓಡಾಡುವವರ ಫೋನುಗಳೆಲ್ಲ ಆಗಾಗ ಮಾಯವಾಗತೊಡಗಿದವು.

ಏನಾಗುತ್ತದೆ ನೋಡಿ.

10:00:00. 204 ವೈಫೈನಲ್ಲಿದೆ. ಕನೆಕ್ಷನ್ 9142ರಿಂದ ರಿಜಿಸ್ಟರ್ ಆಯಿತು, ಎಕ್ಸ್‌ಪೈರ್ಸ್ 3600.
10:07:10. ಫೋನು ವೈಫೈ ಸಿಗುವ ಜಾಗ ದಾಟಿತು. ‘ಮುಚ್ಚುತ್ತಿದ್ದೇನೆ’ ಎಂದು ಹೇಳಲು ಅದಕ್ಕೆ ದಾರಿಯೇ ಇಲ್ಲ. ಸರ್ವರಿಗೆ ಏನೂ ಗೊತ್ತಾಗಲಿಲ್ಲ.
10:07:14. ಫೋನು ಮೊಬೈಲ್ ಡೇಟಾದಿಂದ ಹೊಸ ಕನೆಕ್ಷನ್ ತೆರೆಯಿತು, 9377. ಮತ್ತೆ ರಿಜಿಸ್ಟರ್ ಆಯಿತು. ಎಲ್ಲ ಚೆನ್ನಾಗಿದೆ.
10:08:40. ಮೂರು ಪಿಂಗ್‌ಗೆ, ಅಂದರೆ ‘ಇದ್ದೀಯಾ?’ ಎಂಬ ಪ್ರಶ್ನೆಗೆ, ಉತ್ತರ ಬಾರದ್ದರಿಂದ ಸರ್ವರ್ 9142ನ್ನು ಮುಚ್ಚಿತು. ನಿಮ್ಮ ಕೋಡ್ ಎದ್ದು 204ರ ಸಾಲನ್ನೆಲ್ಲ ಅಳಿಸಿತು.

ಹೋದದ್ದು ಹೊಸ ಸಾಲು. ಫೋನು ಮಾತ್ರ ತಾನು ರಿಜಿಸ್ಟರ್ ಆಗಿದ್ದೇನೆ ಎಂದೇ ತಿಳಿದಿದೆ, ಪರದೆ ಮೇಲೆ ಹಸಿರು ಚುಕ್ಕೆ ಕೂಡ ಇದೆ. ಮುಂದಿನ ಬಾರಿ ರಿಜಿಸ್ಟರ್ ಮಾಡುವವರೆಗೆ, ಕೆಲವು ಫೋನುಗಳಲ್ಲಿ ಸುಮಾರು ಒಂದು ಗಂಟೆ, ಅದಕ್ಕೆ ಒಂದು ಕರೆಯೂ ಬರುವುದಿಲ್ಲ. ಹಳಸಿದ ಸಾಲು ಇದ್ದಾಗ ಕರೆ ತಡವಾಗುತ್ತಿತ್ತು. ಈಗ ಕರೆಯೇ ಇಲ್ಲ.

ಪರಿಹಾರ ಒಂದೇ ಸಾಲಿನದು: ‘ಕನೆಕ್ಷನ್ ಗುರುತು 9142 ಇರುವ ಸಾಲುಗಳನ್ನು ಅಳಿಸು’. ಬಳಕೆದಾರರ ಹೆಸರನ್ನು ಕೇಳಲೇಬೇಡಿ. ಹೊಸ ರಿಜಿಸ್ಟ್ರೇಷನ್ ಹಳೆಯ ಸಾಲಿನ ಮೇಲೆಯೇ ಬರೆದಿದ್ದರೆ ಅಲ್ಲೀಗ 9377 ಇದೆ, ಏನೂ ಅಳಿಯುವುದಿಲ್ಲ. ಬೇರೆ ಸಾಲಾಗಿ ಸೇರಿದ್ದರೆ ಹಳೆಯದು ಮಾತ್ರ ಹೋಗುತ್ತದೆ. ಎರಡರಲ್ಲೂ ಫಲ ಸರಿ. ಒಂದು ಕನೆಕ್ಷನ್‌ನಲ್ಲಿ ಐವತ್ತು ಎಕ್ಸ್‌ಟೆನ್ಶನ್ ಇದ್ದರೂ ಐವತ್ತೂ ಒಟ್ಟಿಗೆ ಹೋಗುತ್ತವೆ. ಒಬ್ಬರಿಗೇ ಮೂರು ಸಾಧನ ಇದ್ದರೆ ಉಳಿದ ಎರಡು ಉಳಿಯುತ್ತವೆ.

ಹೋಲಿಸುವುದು, ಅಳಿಸುವುದು ಎರಡೂ ಒಂದೇ ಕ್ವೆರಿಯಲ್ಲಿ ಆಗಲಿ. ಮೊದಲು ಓದಿ, ಕೋಡ್‌ನಲ್ಲಿ ಹೋಲಿಸಿ, ಆಮೇಲೆ ಅಳಿಸಿದರೆ ನಡುವಿನ ಗಳಿಗೆಯಲ್ಲಿ ಸಾಲು ಬದಲಾಗಿಬಿಡಬಹುದು.

ಇನ್ನೊಂದು ಸಂದು ಇದೆ, ಇದು ಸುಲಭಕ್ಕೆ ಕಾಣುವುದಿಲ್ಲ. ರಿಜಿಸ್ಟರ್ ಕೋರಿಕೆ ಬಂತು. ಪಾಸ್‌ವರ್ಡ್ ನೋಡಲು ಡೇಟಾಬೇಸಿಗೆ ಹೋದಿರಿ, 200 ಮಿಲಿಸೆಕೆಂಡ್ ಹಿಡಿಯಿತು. ಅಷ್ಟರಲ್ಲಿ ಕನೆಕ್ಷನ್ ಮುಚ್ಚಿತು. ಮುಚ್ಚಿದಾಗ ಓಡುವ ಕೋಡ್ ಬಂದು ನೋಡಿದರೆ ಅಳಿಸಲು ಏನೂ ಇಲ್ಲ, ಹೋಯಿತು. ಆಮೇಲೆ ಡೇಟಾಬೇಸಿನಿಂದ ಉತ್ತರ ಬಂದು ಸಾಲು ಬರೆಯಲಾಯಿತು. ಇದು ಹುಟ್ಟುವಾಗಲೇ ಅನಾಥ. ಇದನ್ನು ತಡೆಯಲು ಸಾಲು ಬರೆದ ಮೇಲೆ ಕನೆಕ್ಷನ್ ಇನ್ನೂ ಇದೆಯೇ ಎಂದು ನೋಡಿ, ಇಲ್ಲದಿದ್ದರೆ ಬರೆದದ್ದನ್ನು ಅಳಿಸಿ. ಬರೆಯುವ ಮೊದಲು ನೋಡಿದರೆ ಸಂದು ಚಿಕ್ಕದಾಗುತ್ತದೆ, ಮುಚ್ಚುವುದಿಲ್ಲ.

ಕಮೈಲಿಯೋ ಬಳಸುವವರಿಗೆ: ಯೂಸರ್ ಲೊಕೇಶನ್ ಮಾಡ್ಯೂಲಿನಲ್ಲಿ ‘ಹ್ಯಾಂಡಲ್ ಲಾಸ್ಟ್ ಟಿಸಿಪಿ’ ಎಂಬ ಆಯ್ಕೆ ಇದೆ. ಡೀಫಾಲ್ಟ್ ಬೆಲೆ 0, ಅಂದರೆ ಆಫ್. ಅದನ್ನು 1 ಮಾಡಿ. ಅಷ್ಟೇ ಮಾಡಿ ಫೋನ್ ಕಿತ್ತು ನೋಡಿ ‘ಕೆಲಸ ಮಾಡುತ್ತಿಲ್ಲ’ ಅನ್ನುವವರಿದ್ದಾರೆ. ಅಳಿಸುವ ಕೆಲಸ ಟೈಮರ್ ಸುತ್ತಿನಲ್ಲಿ ನಡೆಯುತ್ತದೆ, ಆ ಟೈಮರ್ ಡೀಫಾಲ್ಟ್ 60 ಸೆಕೆಂಡ್. ಒಂದು ನಿಮಿಷ ಕಾಯಿರಿ. ಮುಚ್ಚಿದ ಗಳಿಗೆಯಲ್ಲೇ ಏನಾದರೂ ಆಗಬೇಕೆಂದರೆ ಟಿಸಿಪಿ ಆಪ್ಸ್ ಮಾಡ್ಯೂಲ್ ಕೊಡುವ ‘ಟಿಸಿಪಿ ಕ್ಲೋಸ್ಡ್’ ಈವೆಂಟ್ ಬಳಸಿ.

ಕಮೈಲಿಯೋದಲ್ಲೇ ಇನ್ನೊಂದು ಬಲೆ. ಸುಮ್ಮನಿರುವ ಟಿಸಿಪಿ ಕನೆಕ್ಷನನ್ನು ಅದು ಡೀಫಾಲ್ಟ್ ಆಗಿ 120 ಸೆಕೆಂಡಿಗೆ ತಾನೇ ಮುಚ್ಚುತ್ತದೆ. ಫೋನು 3600 ಸೆಕೆಂಡಿಗೆ ರಿಜಿಸ್ಟರ್ ಆಗಿದ್ದು, ನಡುವೆ ಪಿಂಗ್ ಇಲ್ಲದಿದ್ದರೆ, ಸರ್ವರೇ ದಾರಿ ಕಡಿದುಕೊಂಡು ಹಳಸಿದ ಸಾಲು ಹುಟ್ಟಿಸಿದಂತಾಯಿತು. ಅದರ ಜೊತೆಗೇ ಬರುವ ಮಾದರಿ ಕಾನ್ಫಿಗ್‌ನಲ್ಲಿ ಈ ಬೆಲೆ 3605 ಎಂದಿರುವುದು ಇದಕ್ಕೇ: ಒಂದು ಗಂಟೆಗಿಂತ ಐದು ಸೆಕೆಂಡ್ ಜಾಸ್ತಿ. ನಿಮ್ಮ ಕಾನ್ಫಿಗ್ ಎಲ್ಲಿಂದ ನಕಲು ಆಗಿದೆಯೋ ಗೊತ್ತಿಲ್ಲ, ಒಮ್ಮೆ ತೆರೆದು ನೋಡಿ.

ಆಸ್ಟೆರಿಸ್ಕ್ ಎಂಬ ಫೋನ್ ಸರ್ವರಿನ ಸಿಪ್ ಭಾಗವಾದ ಪಿಜೆಸಿಪ್ ಬಳಸುವವರು ‘ಮ್ಯಾಕ್ಸ್ ಕಾಂಟ್ಯಾಕ್ಟ್ಸ್’ ಮತ್ತು ‘ರಿಮೂವ್ ಎಕ್ಸಿಸ್ಟಿಂಗ್’ ಎರಡನ್ನೂ ಒಟ್ಟಿಗೆ ನೋಡಿ. ಮ್ಯಾಕ್ಸ್ 1 ಇಟ್ಟು, ಹಳೆಯದನ್ನು ತೆಗೆಯುವ ಆಯ್ಕೆ ಆಫ್ ಇದ್ದರೆ, ಹಳಸಿದ ಸಾಲು ಹೊಸ ರಿಜಿಸ್ಟ್ರೇಷನ್ನಿಗೆ ಜಾಗವನ್ನೇ ಬಿಡುವುದಿಲ್ಲ. ಫೋನು ‘ಪಾಸ್‌ವರ್ಡ್ ಸರಿ ಇದೆ, ಆದರೂ ರಿಜಿಸ್ಟರ್ ಆಗ್ತಿಲ್ಲ’ ಎಂದು ಒದ್ದಾಡುತ್ತದೆ.

ಹಂತ 4: ಸದ್ದಿಲ್ಲದೆ ಸತ್ತವನ್ನು ಹುಡುಕಿ

ಮೂರನೇ ಹಂತ ಓಡುವುದು ಮುಚ್ಚಿದ ಸುದ್ದಿ ಬಂದರೆ ಮಾತ್ರ. ಆಪ್ ಸರಿಯಾಗಿ ಮುಚ್ಚಿದರೆ ಫಿನ್ ಎಂಬ ಪ್ಯಾಕೆಟ್ ಬರುತ್ತದೆ, ಒಮ್ಮೆಲೇ ಕಡಿದರೆ ರೀಸೆಟ್ ಪ್ಯಾಕೆಟ್ ಬರುತ್ತದೆ. ಬ್ಯಾಟರಿ ಕಿತ್ತರೆ, ಲಿಫ್ಟಿನಲ್ಲಿ ಸಿಗ್ನಲ್ ಹೋದರೆ, ರೂಟರ್ ಕರೆಂಟ್ ಹೋದರೆ ಯಾವುದೂ ಬರುವುದಿಲ್ಲ. ಸರ್ವರ್ ಕಡೆ ಕನೆಕ್ಷನ್ ತೆರೆದೇ ಇರುತ್ತದೆ. ಇದಕ್ಕೆ ಅರ್ಧ ತೆರೆದ ಕನೆಕ್ಷನ್ ಅನ್ನುತ್ತಾರೆ.

‘ಟಿಸಿಪಿ ಕೀಪ್‌ಅಲೈವ್ ಇದೆಯಲ್ಲ’ ಎಂದು ಕೂರಬೇಡಿ. ಸುಮ್ಮನಿರುವ ಕನೆಕ್ಷನ್ ಬದುಕಿದೆಯೇ ಎಂದು ಕೇಳುವ ಆಯ್ಕೆ ಅದು. ಲಿನಕ್ಸ್‌ನಲ್ಲಿ ಅದನ್ನು ಸಾಕೆಟ್‌ಗೆ ಬೇರೆಯಾಗಿ ಆನ್ ಮಾಡಬೇಕು. ಆನ್ ಮಾಡಿದರೂ ಡೀಫಾಲ್ಟ್ ಹೀಗಿದೆ: 7200 ಸೆಕೆಂಡ್ ಸುಮ್ಮನಿದ್ದ ಮೇಲೆ ಮೊದಲ ಪ್ರಶ್ನೆ, ಆಮೇಲೆ 75 ಸೆಕೆಂಡಿಗೊಂದರಂತೆ ಒಟ್ಟು 9. ಎರಡು ಗಂಟೆ ಹನ್ನೊಂದು ನಿಮಿಷ ಆಗುತ್ತದೆ. ಅಷ್ಟರಲ್ಲಿ ಒಂದು ಗಂಟೆಯ ಎಕ್ಸ್‌ಪೈರ್ಸ್ ಎರಡು ಸಲ ಮುಗಿದಿರುತ್ತದೆ.

‘ಕರೆ ಕಳಿಸಿದಾಗ ಎರರ್ ಬಂದರೆ ಅಳಿಸೋಣ’ ಎಂಬುದೂ ಹೆಚ್ಚು ದೂರ ಹೋಗದು. ಸತ್ತ ಕನೆಕ್ಷನ್‌ಗೆ ಬರೆದರೆ ಕರ್ನಲ್ (ಆಪರೇಟಿಂಗ್ ಸಿಸ್ಟಮ್‌ನ ತಿರುಳು) ಅದನ್ನು ತನ್ನ ಬಫರಿಗೆ ಹಾಕಿಕೊಂಡು ‘ಆಯಿತು’ ಅನ್ನುತ್ತದೆ. ಒಳಗೊಳಗೇ ಮತ್ತೆ ಮತ್ತೆ ಕಳಿಸಿ ನೋಡುತ್ತದೆ. ಲಿನಕ್ಸ್ ಡೀಫಾಲ್ಟ್‌ನಲ್ಲಿ ಕೈ ಚೆಲ್ಲಲು ಸುಮಾರು 15 ನಿಮಿಷ ಬೇಕು. ಅಷ್ಟರೊಳಗೆ ಸಿಪ್‌ನ ಸ್ವಂತ ಟೈಮರ್ 32 ಸೆಕೆಂಡಿಗೆ ಮುಗಿದು 408 ಎಂಬ ಟೈಮ್‌ಔಟ್ ಉತ್ತರ ಹುಟ್ಟಿರುತ್ತದೆ. ಮೊದಲಲ್ಲಿ ಹೇಳಿದ ಅರ್ಧ ನಿಮಿಷದ ಮೌನ ಬರುವುದು ಇಲ್ಲಿಂದಲೇ. ಇದನ್ನು ಕಡಿಮೆ ಮಾಡಲು ಸಾಕೆಟ್‌ಗೆ ‘ಟಿಸಿಪಿ ಯೂಸರ್ ಟೈಮ್‌ಔಟ್’ ಆಯ್ಕೆ ಹಾಕಿ, 20ರಿಂದ 30 ಸೆಕೆಂಡ್ ಇಡಿ.

ಇದರ ಮೇಲೆ ಆಪ್ ಮಟ್ಟದ ಪಿಂಗ್ ಬೇಕೇ ಬೇಕು. ಕರ್ನಲ್ ಮಟ್ಟದ ಕೀಪ್‌ಅಲೈವ್ ನಡುವೆ ಕೂತು ಸರ್ವರುಗಳಿಗೆ ಕೆಲಸ ಹಂಚುವ ಲೋಡ್ ಬ್ಯಾಲೆನ್ಸರಿನ ತನಕ ಮಾತ್ರ ಹೋಗಿ, ಅದರಿಂದಲೇ ‘ಇದ್ದೇನೆ’ ಎಂಬ ಉತ್ತರ ತಂದುಬಿಡಬಹುದು. ಅದರ ಆಚೆಗಿರುವ ಫೋನ್ ಸತ್ತಿದ್ದರೂ ನಿಮಗೆ ಗೊತ್ತಾಗುವುದಿಲ್ಲ.

ಪಿಂಗ್ ಮಾಡುವ ದಾರಿಗಳು ಮೂರು. ಸಿಪ್‌ನಲ್ಲಿ ಸರ್ವರ್ ‘ಆಪ್ಷನ್ಸ್’ ಕೋರಿಕೆ ಕಳಿಸಬಹುದು. ಉತ್ತರ 200 (ಸರಿ) ಬರಲಿ, 404 (ಸಿಗಲಿಲ್ಲ) ಬರಲಿ, 501 (ಈ ಕೋರಿಕೆ ಗೊತ್ತಿಲ್ಲ) ಬರಲಿ, ಬಂತಲ್ಲ ಅಷ್ಟು ಸಾಕು. 404 ಬಂತೆಂದು ಸಾಲು ಅಳಿಸಿದವರನ್ನು ನೋಡಿದ್ದೇನೆ, ಹಾಗೆ ಮಾಡಬೇಡಿ. ಎರಡನೆಯದು ಆರ್‌ಎಫ್‌ಸಿ 5626 ಹೇಳುವ ಬಗೆ: ಫೋನು ಎರಡು ಖಾಲಿ ಸಾಲು ಕಳಿಸುತ್ತದೆ, ಸರ್ವರ್ ಒಂದು ಖಾಲಿ ಸಾಲು ವಾಪಸ್ ಕಳಿಸುತ್ತದೆ. 10 ಸೆಕೆಂಡಿನಲ್ಲಿ ಉತ್ತರ ಬರದಿದ್ದರೆ ದಾರಿ ಸತ್ತಿದೆ ಎಂದು ಫೋನು ತಿಳಿಯುತ್ತದೆ. ಬಹಳ ಅಗ್ಗದ ಪಿಂಗ್. ಮೂರನೆಯದು ವೆಬ್‌ಸಾಕೆಟ್‌ನ ಸ್ವಂತ ಪಿಂಗ್ ಪಾಂಗ್. ಬ್ರೌಸರಿನ ಜಾವಾಸ್ಕ್ರಿಪ್ಟ್‌ಗೆ ಪಿಂಗ್ ಫ್ರೇಮ್ ಕಳಿಸುವ ಸೌಲಭ್ಯವೇ ಇಲ್ಲ, ಬಂದ ಪಿಂಗ್‌ಗೆ ಬ್ರೌಸರ್ ತಾನಾಗಿ ಪಾಂಗ್ ಕೊಡುತ್ತದೆ. ಹಾಗಾಗಿ ಇಲ್ಲಿ ಸರ್ವರೇ ಮೊದಲು ಕೇಳಬೇಕು.

ಎಷ್ಟು ಹೊತ್ತಿಗೊಮ್ಮೆ? ವೈರಿನ ಫೋನುಗಳಿಗೆ 30 ಸೆಕೆಂಡಿಗೊಮ್ಮೆ ಕೇಳಿ, ಮೂರು ತಪ್ಪಿದರೆ ಮುಚ್ಚಿ. ಒಂದು ತಪ್ಪಿದ ಕೂಡಲೇ ಮುಚ್ಚಬೇಡಿ, ಮೊಬೈಲ್ ನೆಟ್‌ವರ್ಕಿನಲ್ಲಿ ಒಂದು ಪಿಂಗ್ ತಪ್ಪುವುದು ಮಾಮೂಲು. ಮೊಬೈಲಿನಲ್ಲಿ ಪ್ರತಿ ಪಿಂಗೂ ರೇಡಿಯೋ ಎಬ್ಬಿಸಿ ಬ್ಯಾಟರಿ ತಿನ್ನುತ್ತದೆ, ಆದ್ದರಿಂದ ಅಲ್ಲಿ ಅಂತರ ಜಾಸ್ತಿ ಇಡಿ. ಆರ್‌ಎಫ್‌ಸಿ 5626 ಟಿಸಿಪಿಗೆ, ಬ್ಯಾಟರಿಯ ಚಿಂತೆ ಇಲ್ಲದಿದ್ದರೆ 95ರಿಂದ 120 ಸೆಕೆಂಡಿನ ನಡುವೆ, ಚಿಂತೆ ಇದ್ದರೆ 672ರಿಂದ 840 ಸೆಕೆಂಡಿನ ನಡುವೆ ಯಾದೃಚ್ಛಿಕವಾಗಿ ಆರಿಸಿ ಎನ್ನುತ್ತದೆ. ಎಲ್ಲ ಫೋನೂ ಒಂದೇ ಕ್ಷಣದಲ್ಲಿ ಪಿಂಗ್ ಮಾಡಬಾರದು ಎಂಬುದಕ್ಕೆ ಆ ಯಾದೃಚ್ಛಿಕ. ನಡುವೆ ಎಂಜಿನ್‌ಎಕ್ಸ್ ಎಂಬ ವೆಬ್ ಸರ್ವರ್ ಇದ್ದರೆ ಮಾತ್ರ ಈ ಅಂತರ ತೀರಾ ಜಾಸ್ತಿ. ಅದರ ಪ್ರಾಕ್ಸಿ ರೀಡ್ ಟೈಮ್‌ಔಟ್ ಡೀಫಾಲ್ಟ್ 60 ಸೆಕೆಂಡ್. ಅದನ್ನು ಏರಿಸಿ, ಇಲ್ಲವೇ ಪಿಂಗ್ ಅಂತರ ಇಳಿಸಿ.

ಹಂತ 5: ಎಕ್ಸ್‌ಪೈರ್ಸ್‌ನ್ನು ಕೊನೆಯ ಬಲೆಯಾಗಿ ಇಡಿ

ಮೇಲಿನ ಎರಡೂ ತಪ್ಪಿದರೂ ಸಾಲು ಯಾವತ್ತೋ ಒಂದು ದಿನ ತಾನಾಗಿ ಹೋಗುವುದು ಎಕ್ಸ್‌ಪೈರ್ಸ್‌ನಿಂದ. ‘ಹಾಗಾದರೆ ಅದನ್ನೇ 60 ಮಾಡಿಬಿಟ್ಟರೆ ಉಳಿದದ್ದೆಲ್ಲ ಯಾಕೆ?’ ಎಂದು ಕೇಳುತ್ತಾರೆ. ಲೆಕ್ಕ ಹಾಕಿ. 10,000 ಫೋನು, 60 ಸೆಕೆಂಡ್: ಪ್ರತಿ ಸೆಕೆಂಡಿಗೆ ಸುಮಾರು 167 ರಿಜಿಸ್ಟರ್. ಪ್ರತಿ ಬಾರಿಯೂ ಮೊದಲು ತಿರಸ್ಕಾರ, ಆಮೇಲೆ ಪಾಸ್‌ವರ್ಡ್ ಸಹಿತ ಇನ್ನೊಂದು ಕೋರಿಕೆ ಬಂದರೆ ಅದು ಎರಡರಷ್ಟು. ಫೋನುಗಳು ಅವಧಿ ಮುಗಿಯುವ ಮುಂಚೆಯೇ ಬರುವುದರಿಂದ ಇನ್ನೂ ಜಾಸ್ತಿ. 3600 ಇಟ್ಟರೆ ಸೆಕೆಂಡಿಗೆ ಮೂರೂ ಇಲ್ಲ. ನನ್ನ ರೂಢಿ: ಪಿಂಗ್ ಸರಿಯಾಗಿದ್ದರೆ 1800ರಿಂದ 3600, ಪಿಂಗ್ ಮೇಲೆ ನಂಬಿಕೆ ಇಲ್ಲದಿದ್ದರೆ 600. ತೀರಾ ಚಿಕ್ಕ ಅವಧಿ ಕೇಳಿದ ಫೋನಿಗೆ 423 ಎಂಬ ಉತ್ತರ ಕೊಟ್ಟು ‘ಇಷ್ಟಕ್ಕಿಂತ ಕಡಿಮೆ ಬೇಡ’ ಎನ್ನಬಹುದು.

ಹಂತ 6: ಸರ್ವರೇ ಬಿದ್ದರೆ

ಸರ್ವರ್ ಪ್ರೋಸೆಸ್ ಬಿದ್ದಾಗ ಎಲ್ಲ ಕನೆಕ್ಷನ್ ಒಟ್ಟಿಗೆ ಹೋಗುತ್ತವೆ, ಅಳಿಸುವ ಕೋಡೂ ಅದರ ಜೊತೆಗೇ ಹೋಗಿರುತ್ತದೆ. ಡೇಟಾಬೇಸಿನಲ್ಲಿ ಸಾಲುಗಳು ಹಾಗೇ ಕೂತಿರುತ್ತವೆ. ಶುರುವಾಗುವಾಗ, ಹೊಸ ಕನೆಕ್ಷನ್ ಒಪ್ಪಿಕೊಳ್ಳುವ ಮೊದಲು, ‘ನನ್ನ ಹೆಸರಿನ, ನನ್ನ ಹಿಂದಿನ ಓಟದ’ ಟಿಸಿಪಿ ಸಾಲುಗಳನ್ನು ಅಳಿಸಿ. ಎರಡನೇ ಹಂತದಲ್ಲಿ ಸರ್ವರ್ ಹೆಸರು ಮತ್ತು ಶುರುವಾದ ಹೊತ್ತು ಸೇರಿಸಿದ್ದು ಇದಕ್ಕೂ ಹೌದು. ಹೆಸರು ಸೇರಿಸದೆ ‘ಎಲ್ಲ ಅಳಿಸು’ ಎಂದರೆ ಪಕ್ಕದ ಸರ್ವರಿನ ಜೀವಂತ ಸಾಲುಗಳೂ ಹೋಗುತ್ತವೆ.

ಬಿದ್ದ ಸರ್ವರ್ ಮತ್ತೆ ಏಳದಿದ್ದರೆ? ಪ್ರತಿ ಸರ್ವರ್ 10 ಸೆಕೆಂಡಿಗೊಮ್ಮೆ ‘ಇದ್ದೇನೆ’ ಎಂದು ಒಂದು ಜಾಗದಲ್ಲಿ ಬರೆಯಲಿ. ಬರೆಯುವುದು ನಿಂತರೆ ಉಳಿದವರಲ್ಲಿ ಒಬ್ಬರು ಅದರ ಸಾಲು ತೆಗೆಯಲಿ. ರೆಡಿಸ್ ಎಂಬ ಡೇಟಾಬೇಸಿನಲ್ಲಿ ಕೀಲಿಗೆ ಅವಧಿ ಇಟ್ಟರೆ ಸುಲಭ.

ಸಾವಿರಾರು ಕನೆಕ್ಷನ್ ಒಟ್ಟಿಗೆ ಮುಚ್ಚಿದಾಗ ಒಂದೊಂದಕ್ಕೂ ಒಂದೊಂದು ಕ್ವೆರಿ ಓಡಿಸಬೇಡಿ. ಗುರುತುಗಳನ್ನು ಒಂದು ಕ್ಯೂನಲ್ಲಿ ಸೇರಿಸಿ, ಕೆಲವು ನೂರರ ಗುಂಪು ಮಾಡಿ ಅಳಿಸಿ. ಅದೇ ಹೊತ್ತಿಗೆ ಫೋನುಗಳೆಲ್ಲ ಮತ್ತೆ ಬಂದು ಬಾಗಿಲು ಬಡಿಯುತ್ತಿರುತ್ತವೆ, ಡೇಟಾಬೇಸಿಗೆ ಉಸಿರಾಡಲು ಜಾಗ ಬೇಕು.

ಹಂತ 7: ಅಳಿಸಬಾರದವನ್ನು ಪಕ್ಕಕ್ಕಿಡಿ

ಮೊಬೈಲ್ ಆಪ್ ಹಿಂದಕ್ಕೆ ಹೋದಾಗ ಆಪರೇಟಿಂಗ್ ಸಿಸ್ಟಮ್ ಅದರ ಸಾಕೆಟನ್ನು ಮುಚ್ಚಿಸಬಹುದು. ಕರೆ ಬಂದರೆ ಪುಶ್ ಸಂದೇಶ ಕಳಿಸಿ ಆಪನ್ನು ಎಬ್ಬಿಸುತ್ತಾರೆ. ಸಿಪ್‌ನಲ್ಲಿ ಇದರ ಪದ್ಧತಿ 2019ರ ಆರ್‌ಎಫ್‌ಸಿ 8599ರಲ್ಲಿದೆ. ಇಂತಹ ಫೋನಿನ ಸಾಲನ್ನು ಕನೆಕ್ಷನ್ ಹೋಯಿತೆಂದು ಅಳಿಸಿದರೆ ಎಬ್ಬಿಸುವ ವಿಳಾಸವೂ ಹೋಯಿತು. ಕಾಂಟ್ಯಾಕ್ಟ್‌ನಲ್ಲಿ ಪುಶ್ ವಿವರ ಇದ್ದರೆ ಸಾಲು ಉಳಿಸಿ, ‘ಮಲಗಿದೆ’ ಎಂದು ಮಾತ್ರ ಗುರುತು ಹಾಕಿ.

ಎರಡನೆಯದು ಎಡ್ಜ್ ಪ್ರಾಕ್ಸಿ, ಅಂದರೆ ಫೋನು ಮತ್ತು ರಿಜಿಸ್ಟ್ರಾರ್ ನಡುವೆ ಕೂರುವ ಸರ್ವರ್. ಆಗ ರಿಜಿಸ್ಟ್ರಾರ್ ಕಾಣುವ ಕನೆಕ್ಷನ್ ಪ್ರಾಕ್ಸಿಯದು, ಫೋನಿನದಲ್ಲ. ಪ್ರಾಕ್ಸಿಯ ಆ ಒಂದು ಕನೆಕ್ಷನ್ ಒಂದು ಕ್ಷಣ ಕಡಿದರೆ ಅದರ ಹಿಂದಿರುವ ಎಲ್ಲರ ಸಾಲೂ ಹೋಗುತ್ತದೆ. ಇಂತಹ ಜೋಡಣೆಯಲ್ಲಿ ರಿಜಿಸ್ಟ್ರಾರ್‌ನಲ್ಲಿ ಮೂರನೇ ಹಂತ ಆಫ್ ಇರಲಿ. ಫೋನಿನ ಕನೆಕ್ಷನ್ ಹೋದದ್ದು ಪ್ರಾಕ್ಸಿಗೆ ಮಾತ್ರ ಗೊತ್ತು, ಅದೇ ರಿಜಿಸ್ಟ್ರಾರ್‌ಗೆ ತಿಳಿಸಬೇಕು. ಕರೆ ಬಂದಾಗ ‘ದಾರಿ ಇಲ್ಲ’ ಎನ್ನಲು 430 ಎಂಬ ಉತ್ತರವೂ ಇದೆ.

408 ಬಂದ ಎಲ್ಲ ಸಾಲನ್ನೂ ಅಳಿಸುವ ಆಸೆ ಬೇಡ. ಫೋನು ಚೆನ್ನಾಗಿ ರಿಂಗ್ ಆಗಿ ಯಾರೂ ಎತ್ತದಿದ್ದರೂ ಸರ್ವರಿನೊಳಗೆ 408 ಹುಟ್ಟಬಹುದು. ಒಂದೇ ಒಂದು 100 (ಕೋರಿಕೆ ಮುಟ್ಟಿದೆ) ಅಥವಾ 180 (ರಿಂಗ್ ಆಗುತ್ತಿದೆ) ಕೂಡ ಬರದಿದ್ದರೆ ಮಾತ್ರ ಅನುಮಾನಿಸಿ, ಆಗಲೂ ಮೊದಲು ಪಿಂಗ್ ಮಾಡಿ ನೋಡಿ.

ಇನ್ನೊಂದು ಮಾತು, ಆನ್‌ಲೈನ್ ಚುಕ್ಕೆಯ ಬಗ್ಗೆ. ಸಾಲನ್ನು ಕೂಡಲೇ ಅಳಿಸಿ, ಆದರೆ ‘204 ಹೊರಟುಹೋದರು’ ಎಂದು ಉಳಿದವರಿಗೆ ಹೇಳಲು 15-20 ಸೆಕೆಂಡ್ ಕಾಯಿರಿ. ವೈಫೈಯಿಂದ ಡೇಟಾಗೆ ಹಾರುವವರು ನಾಲ್ಕೇ ಸೆಕೆಂಡಿನಲ್ಲಿ ವಾಪಸ್ ಬರುತ್ತಾರೆ. ಚುಕ್ಕೆ ಹಸಿರು, ಬೂದು, ಹಸಿರು ಎಂದು ಕುಣಿಯುವುದನ್ನು ಯಾರೂ ಇಷ್ಟಪಡುವುದಿಲ್ಲ.

ಹಂತ 8: ಕೊಂದು ನೋಡಿ

ಟೆಸ್ಟ್ ಮಾಡುವಾಗ ಎಲ್ಲರೂ ಮಾಡುವ ತಪ್ಪು: ಲ್ಯಾಪ್‌ಟಾಪಿನಲ್ಲಿ ಆಪನ್ನು ಬಲವಂತವಾಗಿ ಕೊಂದು, ಸಾಲು ಹೋಯಿತೆಂದು ಖುಷಿಪಡುವುದು. ಪ್ರೋಸೆಸ್ ಸತ್ತರೂ ಅದರ ಕರ್ನಲ್ ಬದುಕಿದೆ. ಅದೇ ಫಿನ್ ಅಥವಾ ರೀಸೆಟ್ ಕಳಿಸಿ ಬಾಗಿಲು ಹಾಕುತ್ತದೆ. ನೀವು ಪರೀಕ್ಷಿಸಿದ್ದು ಮೂರನೇ ಹಂತ ಮಾತ್ರ.

ನಾಲ್ಕನೇ ಹಂತಕ್ಕೆ ಸರ್ವರಿನಲ್ಲಿ ಐಪಿಟೇಬಲ್ಸ್ ಎಂಬ ಫೈರ್‌ವಾಲ್‌ನಿಂದ ಆ ಫೋನಿನ ಐಪಿಗೆ ಎರಡೂ ದಿಕ್ಕಿನ ಪ್ಯಾಕೆಟ್ ಡ್ರಾಪ್ ಮಾಡಿ. ರಿಜೆಕ್ಟ್ ಅಲ್ಲ, ಡ್ರಾಪ್. ರಿಜೆಕ್ಟ್ ಮಾಡಿದರೆ ಆಚೆಗೆ ಸುದ್ದಿ ಹೋಗುತ್ತದೆ, ಮೌನ ಕೆಡುತ್ತದೆ. ಗಡಿಯಾರ ನೋಡಿ. ನೀವು ಇಟ್ಟ ಪಿಂಗ್ ಲೆಕ್ಕಕ್ಕೆ, ಅಂದರೆ 90 ಸೆಕೆಂಡ್ ಜೊತೆ ಒಂದು ಟೈಮರ್ ಸುತ್ತು ಸೇರಿಸಿದ ಹೊತ್ತಿಗೆ ಸಾಲು ಹೋಗಿರಬೇಕು.

ಆಮೇಲೆ ಫೋನಿನಲ್ಲಿ ವೈಫೈ ಆಫ್ ಮಾಡಿ ಡೇಟಾಗೆ ಹೋಗಿ. ಈ ಸಲ ಪಟ್ಟಿಯನ್ನು ಮೂರು ನಿಮಿಷ ನೋಡುತ್ತಾ ಇರಿ, ಹೊಸ ಸಾಲು ಕೂಡಲೇ ಬಂತು ಎಂದು ಎದ್ದು ಹೋಗಬೇಡಿ. ಹಳೆಯ ಕನೆಕ್ಷನ್ ಮುಚ್ಚುವ ಹೊತ್ತು ದಾಟಿದ ಮೇಲೂ ಹೊಸದು ಉಳಿದಿದೆಯೇ ಎಂಬುದೇ ಪರೀಕ್ಷೆ. ಕೆಲವು ಫೋನುಗಳು ವೈಫೈ ಆಫ್ ಮಾಡುವಾಗ ಹಳೆಯ ಕನೆಕ್ಷನನ್ನು ಶಿಸ್ತಾಗಿ ಮುಚ್ಚಿಬಿಡುತ್ತವೆ. ಆಗ ಬಟನ್ ಒತ್ತುವುದು ಸಾಲದು. ಫೋನು ಹಿಡಿದುಕೊಂಡು ವೈಫೈ ಸಿಗದಷ್ಟು ದೂರ ನಡೆದೇ ಹೋಗಿ, ಅಲ್ಲಿ ನಿಂತು ಮೂರು ನಿಮಿಷ ಬಿಟ್ಟು ಇನ್ನೊಂದು ಫೋನಿನಿಂದ 204ಕ್ಕೆ ಕರೆ ಮಾಡಿ ನೋಡಿ.